ಎಸರಿಗೆ ಹಾಕುವ ಮುನ್ನ ಒಂದು ಹಿಡಿ

ಜನವರಿಯ ಕೊನೆಯಲ್ಲಿ ಕಾರ್ಕಳದ ಅತ್ತೂರಿಗೆ ಹೋಗುವ ದಾರಿಯೆಲ್ಲ ಜನ. ಸಂತ ಲಾರೆನ್ಸರ ಜಾತ್ರೆಗೆ ಕ್ರೈಸ್ತರಷ್ಟೇ ಬರುವುದಲ್ಲ. ಹಿಂದೂಗಳು, ಜೈನರು, ಮುಸಲ್ಮಾನರು ಎಲ್ಲರೂ ಮೇಣದ ಬತ್ತಿ ಹಿಡಿದು ಸರದಿಯಲ್ಲಿ ನಿಲ್ಲುತ್ತಾರೆ. ಮಕ್ಕಳಾಗಲೆಂದು, ಕಾಯಿಲೆ ವಾಸಿಯಾಗಲೆಂದು ಹೇಳಿಕೊಂಡ ಹರಕೆ ತೀರಿಸಿ, ಸಂತೆಯಲ್ಲಿ ಬಳೆ, ಮಿಠಾಯಿ ಕೊಂಡು ಮನೆಗೆ ಮರಳುತ್ತಾರೆ. 2016ರಲ್ಲಿ ಬೆಸಿಲಿಕಾ ಎಂಬ ಗೌರವವೂ ಈ ಇಗರ್ಜಿಗೆ ಸಂದಿತು. ಆದರೆ ಈ ಸಂತರು ಯಾವ ಕಾರಣಕ್ಕೆ ಪ್ರಾಣ ಕೊಟ್ಟರು ಎಂದು ಕೇಳಿದರೆ, ಆ ಸರದಿಯಲ್ಲಿ ನಿಂತ ನಮ್ಮ ಕ್ರೈಸ್ತರಲ್ಲೇ ಉತ್ತರ ಹೇಳುವವರು ಕಡಿಮೆ.

ಅದು ಕ್ರಿ.ಶ. 258. ರೋಮಿನಲ್ಲಿ ವಲೇರಿಯನ್ ಚಕ್ರವರ್ತಿಯ ಆಳ್ವಿಕೆ. ಕ್ರೈಸ್ತ ಸಭೆಯ ಮುಖಂಡರನ್ನು ಹಿಡಿದು ಕೊಲ್ಲಬೇಕೆಂಬ ಆಜ್ಞೆ ಹೊರಟಿತ್ತು. ಪೋಪ್ ಎರಡನೇ ಸಿಕ್ಸ್ತುಸ್ ಆಗಸ್ಟ್ 6ರಂದು ಹತರಾದರು. ಲಾರೆನ್ಸ್ ಅವರ ಡೀಕನ್. ಸಭೆಯ ಹಣಕಾಸು ನೋಡಿಕೊಳ್ಳುವುದು, ಬಂದದ್ದನ್ನು ಬಡವರಿಗೆ ಹಂಚುವುದು ಅವರ ಕೆಲಸ. ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ನಗರದ ಅಧಿಕಾರಿ ಅವರನ್ನು ಕರೆಸಿ ಹೇಳಿದ. ಲಾರೆನ್ಸ್ ಸ್ವಲ್ಪ ಕಾಲಾವಕಾಶ ಕೇಳಿದರು. ಇದ್ದುದನ್ನೆಲ್ಲ ಹಂಚಿಬಿಟ್ಟು, ಗಡುವಿನ ದಿನ ಕುಂಟರು, ಕುರುಡರು, ವಿಧವೆಯರು, ಗತಿಯಿಲ್ಲದವರನ್ನೆಲ್ಲ ಕರೆತಂದು ಸಭೆಯ ಸಂಪತ್ತು ಇವರೇ ಎಂದು ತೋರಿಸಿದರು. ಆಗಸ್ಟ್ 10ರಂದು ಅವರನ್ನೂ ಕೊಂದರು. ಶತಮಾನ ಕಳೆದ ಮೇಲೆ ಮಿಲಾನಿನ ಬಿಷಪ್ ಅಂಬ್ರೋಸರು ಈ ಪ್ರಸಂಗವನ್ನು ಬರೆದಿಟ್ಟರು.

ಇದು ಭಕ್ತರು ಕಟ್ಟಿಕೊಂಡ ಕಥೆ ಎನ್ನುವವರಿಗೆ ಒಂದು ಮಾತು. ಲಾರೆನ್ಸರ ಸಾವಿಗೆ ಏಳು ವರ್ಷ ಮೊದಲು ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರವೊಂದರಲ್ಲಿ ಅಲ್ಲಿನ ಸಭೆ ಯಾರ್‍ಯಾರನ್ನು ಪೋಷಿಸುತ್ತಿದೆ ಎಂಬ ಲೆಕ್ಕವಿದೆ. ವಿಧವೆಯರು ಮತ್ತು ದಿಕ್ಕಿಲ್ಲದವರೇ 1,500ಕ್ಕೂ ಹೆಚ್ಚು. ಕಾನೂನಿನ ಕಣ್ಣಲ್ಲಿ ಅಪರಾಧಿಯಾಗಿದ್ದ, ಯಾವತ್ತು ಯಾರನ್ನು ಎಳೆದೊಯ್ಯುತ್ತಾರೋ ಗೊತ್ತಿರದಿದ್ದ ಒಂದು ಸಣ್ಣ ಸಮುದಾಯ ಅಷ್ಟು ಜನರ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಲಾರೆನ್ಸರು ಅಧಿಕಾರಿಯ ಮುಂದೆ ತಂದು ನಿಲ್ಲಿಸಿದ್ದು ಅಂಥ ಜನರನ್ನೇ.

ಅತ್ತೂರಿನ ದಾರಿಯ ಇಕ್ಕೆಲಗಳಲ್ಲೂ ಇವತ್ತಿಗೂ ಅಂಥವರು ಟವೆಲು ಹಾಸಿ ಕೂತಿರುತ್ತಾರೆ. ಭಕ್ತರು ಮೊದಲೇ ನೋಟು ಮುರಿಸಿ ಚಿಲ್ಲರೆ ಮಾಡಿಟ್ಟುಕೊಂಡು, ಒಬ್ಬೊಬ್ಬರ ಮುಂದೆ ಒಂದೊಂದು ನಾಣ್ಯ ಹಾಕುತ್ತ ಹೋಗುತ್ತಾರೆ. ಅದನ್ನು ಹೀಗಳೆಯಲಾರೆ. ಆ ನಾಣ್ಯವೂ ಯಾರದೋ ಸಂಜೆಯ ಚಹಾ ಆಗುತ್ತದೆ. ಆದರೆ ಹಾಗೆ ಕೊಟ್ಟ ಮೇಲೆ ಕೊಟ್ಟವರ ಬದುಕಿನಲ್ಲಿ ಏನೂ ಕಡಿಮೆಯಾಗುವುದಿಲ್ಲ. ಸಂತೆಯ ಬಳೆಯೂ ಬರುತ್ತದೆ, ಮಿಠಾಯಿಯೂ ಬರುತ್ತದೆ. ಲಾರೆನ್ಸರು ಕಲಿಸಿದ್ದು ಇದಕ್ಕಿಂತ ಬೇರೆಯೇ ಬಗೆಯ ಕೊಡುವಿಕೆ ಎಂದು ನಾನು ನಂಬಿದ್ದೇನೆ. ಕರ್ನಾಟಕದ ಕ್ರೈಸ್ತರಾದ ನಾವು ಆ ಕೊಡುವಿಕೆಯ ಫಲವನ್ನು ಉಂಡು ಬೆಳೆದವರು ಎಂಬುದೇ ಈ ಲೇಖನದಲ್ಲಿ ನಾನು ಹೇಳಹೊರಟಿರುವ ವಿಷಯ.

ಭಾನುವಾರದ ಪೂಜೆಯಲ್ಲಿ ಕಾಣಿಕೆ ಎತ್ತುವ ಹೊತ್ತನ್ನೇ ನೋಡೋಣ. ಚೀಲವೋ ತಟ್ಟೆಯೋ ಸಾಲಿನಿಂದ ಸಾಲಿಗೆ ಬರುತ್ತದೆ. ಇಗರ್ಜಿಯ ಕರೆಂಟು ಬಿಲ್ಲು, ಸುಣ್ಣಬಣ್ಣ, ಕೆಲಸದವರ ಸಂಬಳಕ್ಕೆಂದು ನಾವೂ ಹಾಕುತ್ತೇವೆ. ಆದರೆ ಹೊಸ ಒಡಂಬಡಿಕೆಯಲ್ಲಿ ವಾರದ ಮೊದಲ ದಿನ ಹಣ ಎತ್ತಿಡುವ ಪ್ರಸ್ತಾಪ ಬರುವುದು ಕಟ್ಟಡಕ್ಕಾಗಿ ಅಲ್ಲ. ಆಗ ಕಟ್ಟಡಗಳೇ ಇರಲಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯ ಅಧ್ಯಾಯದಲ್ಲಿ, ಜೆರುಸಲೇಮಿನಲ್ಲಿ ಕಷ್ಟದಲ್ಲಿದ್ದ ಬಡವರಿಗಾಗಿ ಪ್ರತಿಯೊಬ್ಬರೂ ವಾರವಾರ ತಮ್ಮ ಗಳಿಕೆಗೆ ತಕ್ಕಂತೆ ತೆಗೆದಿಡಬೇಕು ಎನ್ನುತ್ತಾರೆ. ಎಂದೂ ಕಾಣದ, ಬೇರೆ ಭಾಷೆಯಾಡುವ, ಸಮುದ್ರದಾಚೆಯ ಜನರಿಗಾಗಿ ಶುರುವಾದ ಏರ್ಪಾಡು ಅದು. ಕ್ರಿ.ಶ. 150ರ ಆಸುಪಾಸಿನಲ್ಲಿ ಜಸ್ಟಿನ್ ಎಂಬ ರಕ್ತಸಾಕ್ಷಿ ರೋಮಿನ ಭಾನುವಾರದ ಆರಾಧನೆಯನ್ನು ವರ್ಣಿಸುವಾಗಲೂ, ಸಂಗ್ರಹವಾದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದವರಿಗೆ ಹೋಗುತ್ತಿತ್ತು ಎನ್ನುತ್ತಾನೆ. ಸುಣ್ಣಬಣ್ಣದ ಮಾತು ಅಲ್ಲಿಲ್ಲ.

ಕಾಣಿಕೆಯ ಮಾತು ಬಂದ ಕೂಡಲೇ ಪ್ರವಚನಕಾರರೆಲ್ಲ ನೆನೆಯುವುದು ಎರಡು ಕಾಸಿನ ವಿಧವೆಯನ್ನು. ಮಾರ್ಕ ಹಾಗೂ ಲೂಕ ಇಬ್ಬರೂ ಆಕೆಯ ಕಥೆ ಹೇಳಿದ್ದಾರೆ. ಐಶ್ವರ್ಯವಂತರು ದೇವಾಲಯದ ಬೊಕ್ಕಸಕ್ಕೆ ದೊಡ್ಡ ಮೊತ್ತ ಹಾಕುತ್ತಿದ್ದಾರೆ, ಒಬ್ಬ ಬಡ ವಿಧವೆ ಬಂದು ಎರಡು ಸಣ್ಣ ಕಾಸು ಹಾಕುತ್ತಾಳೆ. ಉಳಿದವರು ಹೆಚ್ಚಾದದ್ದರಲ್ಲಿ ಹಾಕಿದರು, ಈಕೆ ಬದುಕಿಗೆ ಇದ್ದದ್ದನ್ನೇ ಹಾಕಿದಳು ಎಂದು ಯೇಸು ಶಿಷ್ಯರಿಗೆ ತೋರಿಸುತ್ತಾರೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಅದಕ್ಕೆ ಹಿಂದಿನ ಸಾಲುಗಳನ್ನು ಮಾತ್ರ ನಾವು ದಾಟಿಸಿಬಿಡುತ್ತೇವೆ. ಉದ್ದುದ್ದ ಪ್ರಾರ್ಥನೆಯ ನೆಪದಲ್ಲಿ ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಯೇಸು ಖಂಡಿಸಿದ ಬೆನ್ನಿಗೇ ಈ ವಿಧವೆ ಬರುವುದು. ಅಂದರೆ ಅವಳನ್ನು ಮೆಚ್ಚುವ ಯೇಸುವೇ ಅವಳನ್ನು ಆ ಸ್ಥಿತಿಗೆ ತಂದವರ ಮೇಲೆ ಸಿಟ್ಟಾಗಿದ್ದಾರೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಟಿ.ವಿ.ಯಲ್ಲೂ ಮೊಬೈಲಿನಲ್ಲೂ ಕೊಟ್ಟರೆ ನೂರರಷ್ಟು ಮರಳಿ ಬರುತ್ತದೆಂದು ಬೋಧಿಸುವವರು ಈಗ ಬಹಳ. ಅವರ ಮಾತು ನಂಬಿ ಆಸ್ಪತ್ರೆಗೆಂದು ಇಟ್ಟ ಹಣವನ್ನೂ ಕಳಿಸಿಬಿಡುವ ಬಡ ತಾಯಂದಿರಿದ್ದಾರೆ. ವಿಧವೆಯ ಕಥೆಯನ್ನು ವಿಧವೆಯಿಂದ ವಸೂಲಿ ಮಾಡಲು ಬಳಸುವುದು ಪಾಪ. ಆ ಕಥೆ ಹೇಳಿದ್ದು ಅವಳ ಪಕ್ಕದಲ್ಲಿ ನಿಂತು ದೊಡ್ಡ ಮೊತ್ತ ಹಾಕಿ ನಿಶ್ಚಿಂತೆಯಾಗಿ ಹೊರಟವರಿಗಾಗಿ. ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದ, ಮಕ್ಕಳನ್ನು ದುಬೈಗೋ ಟೊರೊಂಟೊಗೋ ಕಳಿಸಿದ ನಮ್ಮಂಥವರಿಗಾಗಿ.

ಪೌಲರು ಈ ವಿಷಯದಲ್ಲಿ ಎಷ್ಟು ನಾಜೂಕಾಗಿದ್ದರು ನೋಡಿ. ಕೊರಿಂಥ ಶ್ರೀಮಂತ ಬಂದರು ಪಟ್ಟಣ. ಅಲ್ಲಿನವರು ಕೊಡುತ್ತೇವೆಂದು ಮಾತು ಕೊಟ್ಟು ವರ್ಷ ಕಳೆದರೂ ಹಣ ಒಟ್ಟಾಗಿರಲಿಲ್ಲ. ಇತ್ತ ಮಕೆದೋನ್ಯದ ಸಭೆಗಳು ಕಡು ಬಡತನದಲ್ಲಿದ್ದವು. ಆದರೂ ತಮಗೂ ಪಾಲು ಸಿಗಲಿ ಎಂದು ಬೇಡಿಕೊಂಡು, ಶಕ್ತಿಗೆ ಮೀರಿ ಕೊಟ್ಟಿದ್ದವು. ಎರಡನೆಯ ಪತ್ರದಲ್ಲಿ ಪೌಲರು ಇದನ್ನು ಕೊರಿಂಥದವರ ಮುಂದಿಡುತ್ತಾರೆ. ಹಾಗೆಂದು ಹೆದರಿಸುವುದಿಲ್ಲ. ಬೇರೆಯವರಿಗೆ ಹಾಯೆನಿಸಲಿ, ನಿಮಗೆ ಹೊರೆಯಾಗಲಿ ಎಂಬುದು ತಮ್ಮ ಉದ್ದೇಶವಲ್ಲ, ಇಬ್ಬರಲ್ಲೂ ಸಮತ್ವ ಬರಬೇಕು ಎನ್ನುತ್ತಾರೆ. ಮರುಭೂಮಿಯ ಮನ್ನದ ಪ್ರಸಂಗವನ್ನು ನೆನಪಿಸುತ್ತಾರೆ. ಅಲ್ಲಿ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ತ್ಯಾಗ ಮಾಡಿ ಕೊಡುವುದರ ಗುರಿ ನಾವು ಸಂತರಾಗುವುದಲ್ಲ; ಇನ್ನೊಬ್ಬನ ತಟ್ಟೆಯೂ ನಮ್ಮ ತಟ್ಟೆಯೂ ಒಂದಿಷ್ಟು ಹತ್ತಿರ ಬರುವುದು. ದಾಸೋಹದ ನಾಡಿನಲ್ಲಿ ಹುಟ್ಟಿದ ನಮಗೆ ಇದು ತಿಳಿಯದ ಮಾತೇನಲ್ಲ.

ಉಪವಾಸಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಎರಡನೆಯ ಶತಮಾನದ ಅರಿಸ್ಟೈಡಿಸ್ ಎಂಬ ಅಥೆನ್ಸಿನ ಚಿಂತಕ ಕ್ರೈಸ್ತರ ಪರವಾಗಿ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಅವರ ಒಂದು ಪದ್ಧತಿಯನ್ನು ಹೇಳುತ್ತಾನೆ. ತಮ್ಮಲ್ಲೊಬ್ಬ ಬಡವನಿದ್ದು, ಅವನಿಗೆ ಕೊಡಲು ತಮ್ಮ ಬಳಿ ಮಿಕ್ಕಿದ್ದು ಏನೂ ಇಲ್ಲವಾದರೆ, ಎರಡು ಮೂರು ದಿನ ತಾವೇ ಉಪವಾಸ ಬಿದ್ದು ಉಳಿದ ಆಹಾರವನ್ನು ಅವನಿಗೆ ಕೊಡುತ್ತಿದ್ದರಂತೆ. ಉಪವಾಸ ಎಂದರೆ ಇಲ್ಲಿ ಇನ್ನೊಬ್ಬರ ಊಟ. ನಮ್ಮ ತಪಸ್ಸುಕಾಲದ ಶುಕ್ರವಾರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಸಂಕಟವಾಗುತ್ತದೆ. ಮಾಂಸ ಬಿಡುತ್ತೇವೆ, ಅಂಜಲ್ ತರುತ್ತೇವೆ. ಕೋಳಿಗೆ ಹೋಗುತ್ತಿದ್ದ ಹಣಕ್ಕಿಂತ ಮೀನಿಗೆ ಹೋದದ್ದೇ ಹೆಚ್ಚಾಗುತ್ತದೆ. ನಿಯಮ ಮುರಿಯಲಿಲ್ಲ, ಆದರೆ ಯಾರ ಮನೆಯ ಒಲೆಯೂ ಅದರಿಂದ ಉರಿಯಲಿಲ್ಲ. ಕ್ಯಾರಿತಾಸ್ ಇಂಡಿಯಾ ತಪಸ್ಸುಕಾಲದಲ್ಲಿ ನಡೆಸುವ ಅಭಿಯಾನ ನಮಗೆ ಕೇಳುವುದು ಇದನ್ನೇ: ಬಿಟ್ಟದ್ದರ ಬೆಲೆ ಬಡವರಿಗೆ ಮುಟ್ಟಲಿ. ಬಿಟ್ಟ ಊಟದ ಹಣವನ್ನು ಅದೇ ದಿನ ಎಣಿಸಿ ತೆಗೆದಿಡದಿದ್ದರೆ ಅದು ಮನೆಖರ್ಚಿನಲ್ಲಿ ಕರಗಿಹೋಗುತ್ತದೆ.

ಎಣಿಸಿ ತೆಗೆದಿಡುವುದನ್ನು ಒಂದು ಇಡೀ ಜನಾಂಗವೇ ಮೈಗೂಡಿಸಿಕೊಂಡದ್ದು ಮಿಜೋರಾಮಿನಲ್ಲಿ. 2011ರ ಜನಗಣತಿಯಂತೆ ಅಲ್ಲಿ ನೂರಕ್ಕೆ 87 ಮಂದಿ ಕ್ರೈಸ್ತರು. ವೇಲ್ಸ್‌ನಿಂದ ಬಂದ ಮಿಷನರಿಗಳ ಕಾಲದಲ್ಲಿ, ಸುಮಾರು 1910ರಲ್ಲಿ, ಅಲ್ಲಿನ ಹೆಂಗಸರು ಒಂದು ರೂಢಿ ಆರಂಭಿಸಿದರು. ಹೆಸರು ಬುಹ್‌ಫಾಯ್ ಥಮ್. ಪ್ರತಿ ಹೊತ್ತಿನ ಅಡುಗೆಗೆ ಅಕ್ಕಿ ಅಳೆದುಕೊಂಡ ಮೇಲೆ, ಎಸರಿಗೆ ಹಾಕುವ ಮುನ್ನ, ಅದರಿಂದಲೇ ಒಂದು ಹಿಡಿ ತೆಗೆದು ಬೇರೊಂದು ಪಾತ್ರೆಗೆ ಹಾಕುವುದು. ಸಭೆಯ ಹೆಂಗಸರು ಮನೆಮನೆಗೆ ಬಂದು ಆ ಅಕ್ಕಿ ಒಟ್ಟು ಮಾಡುತ್ತಾರೆ. ಅದನ್ನು ಮಾರಿ ಬಂದ ಹಣ ಸಭೆಯ ಸೇವೆಗೆ.

ಇದು ಹಬ್ಬದ ದಿನದ ಮಾತಲ್ಲ, ದಿನಕ್ಕೆ ಎರಡು ಹೊತ್ತಿನ ಮಾತು. ಇನ್ನೊಂದನ್ನೂ ಗಮನಿಸಬೇಕು. ಹಿಡಿ ತೆಗೆಯುವುದು ಮೂಟೆಯಿಂದಲ್ಲ, ಅಳೆದಿಟ್ಟ ಅಕ್ಕಿಯಿಂದ. ಆ ಹೊತ್ತಿನ ಅನ್ನ ಅಷ್ಟು ಕಡಿಮೆಯಾಗುತ್ತದೆ. ಮನೆಯ ಪ್ರತಿಯೊಬ್ಬರ ತಟ್ಟೆಯಲ್ಲೂ ಒಂದೆರಡು ತುತ್ತು ಕಡಿಮೆ. ಈ ರೂಢಿ ಶುರುವಾದ ಒಂದೆರಡು ವರ್ಷದಲ್ಲೇ ಆ ಬೆಟ್ಟಗಳಿಗೆ ಬರ ಬಂತು. ಅಲ್ಲಿ ಸುಮಾರು ನಲವತ್ತೆಂಟು ವರ್ಷಕ್ಕೊಮ್ಮೆ ಬಿದಿರು ಹೂಬಿಟ್ಟು, ಅದರ ಬೀಜ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಬೆಳೆದು ನಿಂತ ಭತ್ತವನ್ನೆಲ್ಲ ತಿಂದುಹಾಕುತ್ತವೆ. ಅವರು ಮೌತಮ್ ಎಂದು ಕರೆಯುವ ಆ ಬರ 1911-12ರಲ್ಲಿ ಬಂತು, 1958-59ರಲ್ಲಿ ಮತ್ತೆ ಬಂತು. ಹಿಡಿ ಅಕ್ಕಿಯ ರೂಢಿ ಅವನ್ನೆಲ್ಲ ದಾಟಿಕೊಂಡು ಬಂದಿದೆ. ಇವತ್ತು ಅದರಿಂದ ಒಟ್ಟಾಗುವ ಹಣ ಕೋಟಿಗಳ ಲೆಕ್ಕದಲ್ಲಿದೆ. ನಮ್ಮ ಹಳ್ಳಿಗಳಲ್ಲೂ ಮಠಕ್ಕೆಂದು, ಶಾಲೆಗೆಂದು ಮುಷ್ಟಿ ಅಕ್ಕಿ ಎತ್ತುತ್ತಿದ್ದುದನ್ನು ಹಿರಿಯರು ನೆನೆಯುತ್ತಾರೆ. ಆದ್ದರಿಂದ ಇದು ನಮಗೆ ಪರಕೀಯವೂ ಅಲ್ಲ, ಅಸಾಧ್ಯವೂ ಅಲ್ಲ.

ಈಗ ನಮ್ಮದೇ ಚರಿತ್ರೆಗೆ ಬರುತ್ತೇನೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಮುಂದಿನದು ಕನ್ನಡಿಗರಿಗೆಲ್ಲ ಗೊತ್ತು: ಮೋಗ್ಲಿಂಗರ ‘ಮಂಗಳೂರ ಸಮಾಚಾರ’, ಮುದ್ರಣಾಲಯ, ಶಾಲೆಗಳು, ನೇಯ್ಗೆ, 1865ರ ಹಂಚಿನ ಕಾರ್ಖಾನೆ, 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು. ಈ ಹೆಸರುಗಳ ಹಿಂದೆ ಯಾರ ಹಣವಿತ್ತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಬಾಸೆಲಿನ ಸಿರಿವಂತ ಮನೆತನಗಳು ಕೊಟ್ಟಿದ್ದು ನಿಜ. ಆದರೆ 1850ರ ದಶಕದ ಮಧ್ಯದಲ್ಲಿ ಕಾರ್ಲ್ ಸರಾಸಿನ್ ಎಂಬ ಉದ್ಯಮಿ ಅರ್ಧ ಬಾಟ್ಸೆನ್ ಸಂಗ್ರಹ ಎಂಬ ಯೋಜನೆಯನ್ನು ಶುರುಮಾಡಿದ. ಅರ್ಧ ಬಾಟ್ಸೆನ್ ಎಂದರೆ ಐದು ಸಾಂಟಿಮ್, ಸಣ್ಣದರಲ್ಲಿ ಸಣ್ಣ ಮೊತ್ತ. ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಸಭೆಯ ಸ್ವಯಂಸೇವಕರು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ಅದನ್ನು ಎತ್ತುತ್ತಿದ್ದರು. ಕೊಟ್ಟವರು ರೈತರು, ಕುಶಲಕರ್ಮಿಗಳು, ಮನೆಗೆಲಸದ ಹೆಣ್ಣುಮಕ್ಕಳು. ಮಂಗಳೂರು ಎಲ್ಲಿದೆ, ಧಾರವಾಡ ಎಲ್ಲಿದೆ ಎಂದು ಕಂಡವರಲ್ಲ. ಆದರೂ ವಾರ ತಪ್ಪದೆ ಕೊಟ್ಟರು, ವರ್ಷಗಟ್ಟಲೆ ಕೊಟ್ಟರು. ಮಿಷನ್ನಿನ ಆದಾಯದಲ್ಲಿ ಆ ಚಿಲ್ಲರೆಯದು ದೊಡ್ಡ ಪಾಲು.

ಕರಾವಳಿಯ ಬಾಸೆಲ್ ಮಿಷನ್ ಸಭೆಗಳ ಅಜ್ಜ ಅಜ್ಜಿಯರು ಅಕ್ಷರ ಕಲಿತದ್ದು, ಜಾತಿಯಿಂದ ಹೊರಹಾಕಲ್ಪಟ್ಟಾಗ ಮಗ್ಗದ ಮನೆಯಲ್ಲೋ ಹಂಚಿನ ಕಾರ್ಖಾನೆಯಲ್ಲೋ ಕೂಲಿ ಕಂಡುಕೊಂಡದ್ದು ಆ ಹಣದ ಆಸರೆಯಲ್ಲಿ. ಯಾವುದೋ ಹಳ್ಳಿಯ ಕೆಲಸದ ಹುಡುಗಿ ತನಗೊಂದು ಬೆಚ್ಚಗಿನ ಕಾಲುಚೀಲ ಕೊಳ್ಳಬಹುದಾಗಿದ್ದ ಹಣ ಅದು ಎಂದು ಯೋಚಿಸಿದಾಗ ನನ್ನ ಗಂಟಲು ಕಟ್ಟುತ್ತದೆ. ಅವಳಿಗೆ ಸಾಲ ತೀರಿಸುವುದು ಈಗ ಸಾಧ್ಯವಿಲ್ಲ. ಅವಳು ನಮಗೆ ಕೊಟ್ಟ ರೀತಿಯಲ್ಲಿ ನಾವು ಇನ್ನೊಬ್ಬರಿಗೆ ಕೊಡುವುದು ಸಾಧ್ಯ.

ಮಂಗಳೂರಿನ ಕಂಕನಾಡಿಯಲ್ಲಿ ಇನ್ನೊಂದು ಬಗೆಯ ಉದಾಹರಣೆ ಇದೆ. ಜರ್ಮನಿಯಲ್ಲಿ ಹುಟ್ಟಿದ ಅಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಪಾದ್ರಿ 1878ರ ಕೊನೆಯ ದಿನ ಮಂಗಳೂರು ತಲುಪಿದರು. ಕಾಲೇಜಿನಲ್ಲಿ ಪಾಠ ಹೇಳುವುದು ಅವರ ಕೆಲಸ. ಹೋಮಿಯೋಪಥಿ ಬಲ್ಲವರಾದ್ದರಿಂದ 1880ರಲ್ಲಿ ಬಡವರಿಗೆ ಔಷಧಿ ಕೊಡತೊಡಗಿದರು. ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಊರು ಹೊರಗಟ್ಟಿದ್ದ ಅವರಿಗೆ 1890ರಲ್ಲಿ ಒಂದು ಆಶ್ರಯಧಾಮ ಕಟ್ಟಿದರು. 1902ರಲ್ಲಿ ಪ್ಲೇಗು ಊರನ್ನು ಹೊಕ್ಕಾಗ ಪ್ಲೇಗಿನ ಆಸ್ಪತ್ರೆ. ಹಣಕ್ಕೆ ಅವರು ಕಂಡುಕೊಂಡ ದಾರಿ ಕೈ ಚಾಚುವುದಷ್ಟೇ ಆಗಿರಲಿಲ್ಲ. ತಯಾರಿಸಿದ ಔಷಧಿಗಳನ್ನು ಅಂಚೆಯ ಮೂಲಕ ದೇಶದ ಉದ್ದಗಲಕ್ಕೂ ಮಾರಿ, ಬಂದ ಲಾಭವನ್ನು ಬಡರೋಗಿಗಳ ಮೇಲೆ ಸುರಿದರು. 1910ರ ನವೆಂಬರ್ 1ರಂದು ತೀರಿಕೊಂಡರು. ಇವತ್ತು ಅದೇ ಜಾಗದಲ್ಲಿ ಅವರ ಹೆಸರಿನ ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ. ನಾನು ಹೇಳಬೇಕೆಂದಿರುವುದು ಕಟ್ಟಡಗಳ ಬಗ್ಗೆ ಅಲ್ಲ. ಗಳಿಸುವ ಬುದ್ಧಿಯೂ ಕಾಣಿಕೆಯಾಗಬಹುದು ಎಂಬುದರ ಬಗ್ಗೆ. ವ್ಯಾಪಾರ ಬಲ್ಲ ನಮ್ಮ ಯುವಕರಿಗೆ, ಲೆಕ್ಕಪತ್ರ ಬಲ್ಲ ಹೆಣ್ಣುಮಕ್ಕಳಿಗೆ ಈ ದಾರಿ ತೆರೆದಿದೆ.

ವಿದೇಶದ ಹಣ ನಮ್ಮ ಅನೇಕ ಹಾಸ್ಟೆಲು, ಆಸ್ಪತ್ರೆ, ಅನಾಥಾಲಯಗಳನ್ನು ಬಹುಕಾಲ ನಡೆಸಿತು. ಅತ್ತ ಯುರೋಪಿನ ಇಗರ್ಜಿಗಳು ಖಾಲಿಯಾಗುತ್ತಿವೆ. ಇತ್ತ 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯ ನಿಯಮಗಳು ಬಿಗಿಯಾಗಿವೆ. ಇದನ್ನು ಬರೀ ಕಷ್ಟವೆಂದು ನೋಡಬಾರದು. ಕರ್ನಾಟಕದ ಜನಸಂಖ್ಯೆಯಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ, ಆದರೂ ನಮ್ಮಲ್ಲಿ ಉಳ್ಳವರು ಸಾಕಷ್ಟಿದ್ದಾರೆ. ಮದುವೆಯ ಹಿಂದಿನ ದಿನದ ರೋಸ್ ಒಂದು ಕಾಲಕ್ಕೆ ಅಂಗಳದಲ್ಲಿ, ನೆರೆಯವರು ತೆಂಗಿನ ಹಾಲು ಹಚ್ಚಿ ಹಾಡುವ ಶಾಸ್ತ್ರವಾಗಿತ್ತು. ಈಗ ಅದಕ್ಕೂ ಸಭಾಂಗಣ, ವೇದಿಕೆ, ಬ್ಯಾಂಡು, ಮದುವೆಯಷ್ಟೇ ದೊಡ್ಡ ಊಟ. ಪ್ರಥಮ ಪರಮಪ್ರಸಾದಕ್ಕೆ ಎಂಟು ಒಂಬತ್ತು ವರ್ಷದ ಮಗುವಿನ ಹೆಸರಿನಲ್ಲಿ ನೂರಾರು ಜನರ ಪಾರ್ಟಿ. ಸತ್ತವರಿಗೆ ಗ್ರಾನೈಟಿನ ಸಮಾಧಿ. ಸಂತೋಷ ಬೇಡವೆಂದು ಯಾರೂ ಹೇಳುತ್ತಿಲ್ಲ; ಕಾನಾ ಊರಿನ ಮದುವೆಯಲ್ಲಿ ಯೇಸುವೂ ಇದ್ದರು. ಆದರೆ ಆಮಂತ್ರಣ ಪಟ್ಟಿ ಬರೆಯಲು ಕೂತ ದಿನವೇ ಅತಿಥಿಗಳ ಸಂಖ್ಯೆಯಲ್ಲಿ ಮೂರನೇ ಒಂದು ಭಾಗ ತೆಗೆದು, ಆ ಊಟದ ಖರ್ಚಿನಲ್ಲಿ ಒಬ್ಬ ಬಡ ಹುಡುಗಿಯ ನರ್ಸಿಂಗ್ ಫೀಸು ಕಟ್ಟುವ ಮನೆ ನಮ್ಮ ವಾರ್ಡಿಗೊಂದಾದರೂ ಇರಲಿ ಎಂದು ನಾನು ಬೇಡಿಕೊಳ್ಳುತ್ತೇನೆ.

ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿಯ ಹೆಸರು ನಮ್ಮ ಮೈಸೂರಿನ ವೆಸ್ಲಿ ಪ್ರೆಸ್ಸಿನಿಂದಾಗಿ ಕನ್ನಡಿಗರಿಗೆ ಹಳೆಯ ಪರಿಚಯ. ಆಕ್ಸ್‌ಫರ್ಡಿನಲ್ಲಿದ್ದಾಗ ಒಂದು ಚಳಿಗಾಲದ ದಿನ ಕೋಣೆ ಗುಡಿಸುವ ಹುಡುಗಿ ತೆಳು ಬಟ್ಟೆಯಲ್ಲಿ ನಡುಗುತ್ತ ಬಂದಳಂತೆ. ಅವಳಿಗೆ ಕೊಡಲು ಜೇಬಿಗೆ ಕೈಹಾಕಿದರೆ ಹಣವಿಲ್ಲ. ಆಗಷ್ಟೇ ಗೋಡೆಗೆ ಚಿತ್ರಗಳನ್ನು ಕೊಂಡು ತೂಗುಹಾಕಿದ್ದರು. ಆ ಚಿತ್ರಗಳು ಅವರನ್ನು ಚುಚ್ಚಿದವು. ಆಮೇಲೆ ಅವರು ಒಂದು ಕಟ್ಟುನಿಟ್ಟು ಹಾಕಿಕೊಂಡರು. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟರು. ಮರುವರ್ಷ ಆದಾಯ 60 ಆಯಿತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟರು. 90 ಬಂದಾಗ 62, 120 ಬಂದಾಗ 92. ನಮ್ಮಲ್ಲಿ ಸಂಬಳ ಏರಿದಂತೆ ಖರ್ಚೂ ಅದರ ಬೆನ್ನಿಗೇ ಏರುತ್ತದೆ. ದಶಮಾಂಶ ಕೊಡುವವರೂ ಉಳಿದ ಒಂಬತ್ತು ಪಾಲನ್ನು ಪ್ರಶ್ನಿಸುವುದಿಲ್ಲ. ವೆಸ್ಲಿ ತಮ್ಮ ಖರ್ಚನ್ನು ಒಂದೆಡೆ ನಿಲ್ಲಿಸಿಬಿಟ್ಟರು. ಇನ್‌ಕ್ರಿಮೆಂಟು ಬಂದ ತಿಂಗಳು ಇದನ್ನು ಪ್ರಯತ್ನಿಸುವುದು ಸುಲಭ, ಯಾಕೆಂದರೆ ಆ ಹಣ ಇನ್ನೂ ಯಾವ ಖರ್ಚಿಗೂ ಅಂಟಿಕೊಂಡಿರುವುದಿಲ್ಲ.

ಇದು ಓದಿದವರ, ಸಂಬಳದವರ ಶಿಸ್ತು ಮಾತ್ರವಲ್ಲ. ಬೀಡಿ ಕಟ್ಟುವ ಹಿರಿಯ ಹೆಂಗಸೊಬ್ಬರನ್ನು ನಾನು ಬಲ್ಲೆ. ತಡ್ಪೆಯನ್ನು ಮಡಿಲಲ್ಲಿಟ್ಟು ಕೂತರೆ ಮಾತಿನ ನಡುವೆಯೂ ಬೆರಳು ನಿಲ್ಲುವುದಿಲ್ಲ. ಬ್ರಾಂಚಿನಲ್ಲಿ ಮಜೂರಿ ಸಿಕ್ಕಿದ ದಿನ ಮನೆಗೆ ಹೋಗುವ ಮೊದಲೇ ಇಗರ್ಜಿಗೆ ಹೊಕ್ಕು, ಬಡವರ ಡಬ್ಬಿಗೆ ತನ್ನ ಪಾಲು ಹಾಕುತ್ತಾರೆ. ಮನೆ ಮುಟ್ಟಿದ ಮೇಲೆ ಆ ದುಡ್ಡಿಗೆ ಬೇರೆ ಖರ್ಚು ಹುಟ್ಟುತ್ತದೆ ಎಂಬುದು ಅವರ ಲೆಕ್ಕ. ಪೌಲರು ಕೊರಿಂಥದವರಿಗೆ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ.

ಕೊಡುವ ಮೊದಲು ಒಂದನ್ನು ನೋಡಿಕೊಳ್ಳಬೇಕು. ಯಾಕೋಬರ ಪತ್ರದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂಬ ಕಟು ಮಾತಿದೆ. ಪಾತ್ರೆ ತೊಳೆಯಲು ಬರುವ ಅಕ್ಕನಿಗೆ, ತೋಟದ ಆಳಿಗೆ, ನಮ್ಮ ಸಂಸ್ಥೆಗಳಲ್ಲಿ ಕಸ ಗುಡಿಸುವವರಿಗೆ, ನಮ್ಮ ಶಾಲೆಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಟೀಚರಿಗೆ ನ್ಯಾಯವಾದದ್ದು ಸಂದಿರಬೇಕು. ಅವರಿಗೆ ಸಲ್ಲಬೇಕಾದದ್ದನ್ನು ಉಳಿಸಿ ಇನ್ನೆಲ್ಲೋ ದಾನ ಮಾಡಿದರೆ ಅದು ದಾನವಲ್ಲ.

ಇನ್ನು ಹೆಸರಿನ ಪ್ರಶ್ನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದು ಯೇಸುವಿನ ಉಪದೇಶ. ನಮ್ಮ ಬೆಂಚು, ಫ್ಯಾನು, ಟ್ಯೂಬ್‌ಲೈಟುಗಳ ಮೇಲೆಲ್ಲ ದಾನಿಗಳ ಹೆಸರಿದೆ. ಇದಕ್ಕೆ ಬಹಳ ಒಳ್ಳೆಯ ಮದ್ದು ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯಲ್ಲಿದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರೊಡನೆ ಕಟ್ಟಿದ ಈ ಸಭೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿದೆ. ಅದರ ಕೂಟಗಳಲ್ಲಿ ಒಂದು ಗುಪ್ತ ಚೀಲ ಸುತ್ತು ಬರುತ್ತದೆ. ಎಲ್ಲರೂ ಮುಷ್ಟಿ ಮುಚ್ಚಿ ಒಳಗೆ ಕೈ ಹಾಕುತ್ತಾರೆ. ಯಾರು ಐನೂರು ಹಾಕಿದರು, ಯಾರು ಐದು ಹಾಕಿದರು, ಯಾರ ಕೈ ಆ ವಾರ ಖಾಲಿಯಿತ್ತು ಎಂಬುದು ಪಕ್ಕದವರಿಗೂ ಗೊತ್ತಾಗುವುದಿಲ್ಲ. ಆ ಹಣವನ್ನು ಬಡವರನ್ನು ಕರೆಸಿ ಕೊಡುವುದಿಲ್ಲ. ಇಬ್ಬರಿಬ್ಬರಾಗಿ ಅವರ ಮನೆಗೆ ಹೋಗಿ, ಕೂತು, ಕಷ್ಟಸುಖ ಕೇಳಿ ಕೊಡುತ್ತಾರೆ. ಮನೆಯೊಳಗೆ ಕೂತಾಗ ಮಾಡು ಸೋರುವುದು ಕಾಣುತ್ತದೆ, ಹುಡುಗ ಶಾಲೆ ಬಿಟ್ಟದ್ದು ತಿಳಿಯುತ್ತದೆ.

ನಮ್ಮ ಸೇವೆಯ ಹಿಂದೆ ಮತಾಂತರದ ಉದ್ದೇಶವಿದೆಯೇ ಎಂಬ ಅನುಮಾನ ಈಗ ದಟ್ಟವಾಗಿದೆ. ಇದಕ್ಕೆ ವಾದದ ಉತ್ತರಕ್ಕಿಂತ ನಡೆಯ ಉತ್ತರ ಮೇಲು. ಯೇಸು ಹೇಳಿದ ಸಮಾರ್ಯದವನ ಸಾಮತಿಯಲ್ಲಿ, ದಾರಿಯಲ್ಲಿ ಬಿದ್ದಿದ್ದ ಗಾಯಾಳು ಯಾವ ಮತದವನೆಂದು ಕೇಳುವ ಸಂದರ್ಭವೇ ಬರುವುದಿಲ್ಲ. ಸಮಾರ್ಯದವನು ತನ್ನ ಹೆಸರನ್ನೂ ಹೇಳುವುದಿಲ್ಲ. ಎರಡು ದಿನದ ಕೂಲಿಯಷ್ಟು ಹಣವನ್ನು ಛತ್ರದವನ ಕೈಯಲ್ಲಿಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುತ್ತೇನೆ ಎಂದು ಹೊರಡುತ್ತಾನೆ. ನಾವೂ ಕೊಡುವಾಗ ಶರತ್ತು ಬೇಡ, ಪಟ್ಟಿಯಲ್ಲಿ ಧರ್ಮದ ಅಂಕಣವೂ ಬೇಡ.

ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ ಒಂದು ಜಾಗ ಹೇಳುತ್ತೇನೆ. ನಿಮ್ಮ ತಾಲೂಕಿನ ಸರಕಾರಿ ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಚಿಕಿತ್ಸೆಗೆ ಸರಕಾರದ ಯೋಜನೆ ಇರುತ್ತದೆ. ಅದರ ಸುತ್ತಲಿನ ಖರ್ಚು ಮನೆಯವರದು. ವಾರಕ್ಕೆ ಎರಡು ಅಥವಾ ಮೂರು ಸಲ ಬರಬೇಕು. ಮಿಷಿನಿನಿಂದ ಎದ್ದಾಗ ಸುಸ್ತು, ಬಸ್ಸಿನಲ್ಲಿ ನಿಂತು ಹೋಗಲಾಗದು, ಆಟೋ ಮಾಡಬೇಕು. ಜೊತೆಗೆ ಬಂದ ಮಗನದೋ ಹೆಂಡತಿಯದೋ ಆ ದಿನದ ಕೂಲಿ ಹೋಯಿತು. ಕೆಲವರು ಆಟೋ ಬಾಡಿಗೆಗೆ ದಾರಿಯಿಲ್ಲದೆ ಒಂದು ಸಲ ತಪ್ಪಿಸುತ್ತಾರೆ, ಮೈ ಬಾತು ಉಸಿರು ಕಟ್ಟಿದ ಮೇಲೆ ಓಡಿ ಬರುತ್ತಾರೆ. ನಿಮ್ಮ ವಾರ್ಡಿನ ಹತ್ತು ಮನೆಗಳು ಸೇರಿ ಅಂಥ ಒಬ್ಬರ ಆಟೋ ಬಾಡಿಗೆ ವಹಿಸಿಕೊಳ್ಳಬಹುದು. ಸಭೆ ಕರೆದು ಹೆಸರು ಬರೆಯುವಾಗ ಒಂದು ಎಚ್ಚರ ಇರಲಿ. ಮೂತ್ರಪಿಂಡ ಬದಲಿಸುವವರೆಗೆ ಅಥವಾ ಜೀವ ಇರುವವರೆಗೆ ಡಯಾಲಿಸಿಸ್ ನಿಲ್ಲುವುದಿಲ್ಲ. ಆದ್ದರಿಂದ ಪಟ್ಟಿಯ ಮೇಲೆ ಆರು ತಿಂಗಳು ಎಂದು ಬರೆಯಬೇಡಿ, ಮೊದಲನೆಯ ಆಟೋ ಮಾತ್ರ ಈ ಸೋಮವಾರವೇ ಹೊರಡಲಿ.